ಕತ್ತು ಮುರಿಯದ ಕುಣಿಕೆ

1895ರ ಬೇಸಿಗೆ. ನ್ಯೂಯಾರ್ಕಿನ ಸೆಖೆಗೆ ಬೆಂದು ಹೋದ ಜನ ಭಾನುವಾರ ಬಂತೆಂದರೆ ಕೋನಿ ಐಲೆಂಡಿನ ಕಡಲತೀರಕ್ಕೆ ದೌಡಾಯಿಸುತ್ತಿದ್ದರು. ಆ ವರ್ಷ ಅಲ್ಲಿ ಪಾಲ್ ಬಾಯ್ಟನ್ ಎಂಬವನು ಸೀ ಲಯನ್ ಪಾರ್ಕ್ ತೆರೆದಿದ್ದ. ಇಪ್ಪತ್ತು ವರ್ಷಗಳ ಹಿಂದೆ ಗಾಳಿ ತುಂಬಿದ ರಬ್ಬರಿನ ಉಡುಪು ತೊಟ್ಟು, ತೇಲಿಕೊಂಡೇ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಹೆಸರು ಮಾಡಿದ್ದ ಆಸಾಮಿ ಇವನು. ಜಾಗದ ಸುತ್ತ ಬೇಲಿ ಹಾಕಿ, ಬಾಗಿಲಲ್ಲೇ ದುಡ್ಡು ಈಸಿಕೊಂಡು ಒಳಗೆ ಬಿಡುವುದು ಆಗ ಹೊಸ ಪದ್ಧತಿ. ಒಳಗೆ ಕಡಲಸಿಂಹಗಳ ಆಟವಿತ್ತು, ಇಳಿಜಾರಿನಿಂದ ಕೊಳಕ್ಕೆ ಧುಮುಕುವ ದೋಣಿಯಿತ್ತು. ಇವೆರಡಕ್ಕಿಂತ ಹೆಚ್ಚು ಜನ ಮುತ್ತಿಕೊಂಡದ್ದು ಮರದ ಕಂಬಗಳ ಮೇಲೆ ನಿಂತಿದ್ದ ಒಂದು ಹಳಿಯ ಸುತ್ತ. ಆ ಹಳಿ ಎತ್ತರದಿಂದ ಇಳಿದು, ನೆಲ ಮುಟ್ಟುವಷ್ಟರಲ್ಲಿ ಮತ್ತೆ ಮೇಲೆದ್ದು, ಬೆನ್ನು ಬಗ್ಗಿಸಿ, ಪೂರ್ತಿ ಒಂದು ಸುತ್ತು ಹಾಕಿ ಕೆಳಗಿಳಿಯುತ್ತಿತ್ತು. ಹೆಸರು ಫ್ಲಿಪ್ ಫ್ಲ್ಯಾಪ್.

ಬಂಡಿಯಲ್ಲಿ ಇಬ್ಬರಿಗೆ ಮಾತ್ರ ಜಾಗ. ಮೇಲಿನಿಂದ ಬಿಟ್ಟ ಬಂಡಿ ಗಡಗಡ ಸದ್ದು ಮಾಡುತ್ತ ಬಂದು ಕುಣಿಕೆಯೊಳಗೆ ನುಗ್ಗುವುದು, ಕೂತವರ ಕಾಲು ಆಕಾಶಕ್ಕೆ ತಲೆ ನೆಲಕ್ಕೆ ಆಗುವುದು, ಬಂಡಿ ಆಚೆ ಬದಿಯಿಂದ ಹೊರಬೀಳುವುದು, ಎಲ್ಲ ಮುಗಿಯಲು ಕೆಲವೇ ಕ್ಷಣ ಸಾಕಾಗುತ್ತಿತ್ತು. ಯಾರೂ ಕೆಳಗೆ ಬೀಳಲಿಲ್ಲ. ಬೀಳುತ್ತಾರೆಂದು ಕಾದಿದ್ದವರಿಗೆ ನಿರಾಸೆಯಾಯಿತು. ಆದರೆ ಇಳಿದು ಬಂದವರಲ್ಲಿ ಹಲವರ ಕೈ ಕತ್ತಿನ ಹಿಂಭಾಗದ ಮೇಲಿತ್ತು. ಕೆಲವರಿಗೆ ಬೆನ್ನು ಹಿಡಿದುಕೊಂಡಿತ್ತು, ಕೆಲವರಿಗೆ ತಲೆ ಹೊರಳಿಸಲಾಗುತ್ತಿರಲಿಲ್ಲ. ಒಮ್ಮೆ ಕೂತವರು ಎರಡನೆಯ ಟಿಕೆಟ್ ಕೊಳ್ಳುವುದು ಅಪರೂಪವಾಯಿತು.

ಕುಣಿಕೆಯನ್ನು ಕಟ್ಟಿದವನು ಲೀನಾ ಬೀಚರ್. ಹೆಸರು ಹೀಗಿದ್ದರೂ ಗಂಡಸು. ತಲೆಕೆಳಗಾಗಿ ಓಡುವ ಬಂಡಿಯ ಹುಚ್ಚು ಅವನಿಗೆ ಹಿಡಿದು ಆಗಲೇ ಹಲವು ವರ್ಷಗಳಾಗಿದ್ದವು. ಬಂಡಿ ಮಗುಚಿ ಬಿದ್ದೀತೆಂಬ ಒಂದೇ ಭಯವನ್ನು ಎದುರಿಟ್ಟುಕೊಂಡು ಅವನು ಇಡೀ ಯಂತ್ರವನ್ನು ರೂಪಿಸಿದ್ದ. ಆ ಭಯವನ್ನು ಗೆದ್ದ. ಅಪಾಯ ಮಾತ್ರ ಮೇಲಿರಲಿಲ್ಲ, ಕೆಳಗಿತ್ತು.

ಈ ಹುಚ್ಚು ಬೀಚರ್‌ನಿಂದ ಶುರುವಾದದ್ದೂ ಅಲ್ಲ. ರಷ್ಯಾದ ಚಳಿಗಾಲದಲ್ಲಿ ಮರದ ಅಟ್ಟಣೆಗೆ ನೀರು ಸುರಿದು ಹೆಪ್ಪುಗಟ್ಟಿಸಿ, ಆ ಮಂಜಿನ ಇಳಿಜಾರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಜನ ಜಾರುತ್ತಿದ್ದರು. ಮಹಾರಾಣಿ ಕ್ಯಾಥರೀನ್ ಬೇಸಿಗೆಯಲ್ಲೂ ಜಾರಬೇಕೆಂದು ತನ್ನ ಓರಾನಿಯೆನ್‌ಬಾಮ್ ಅರಮನೆಯ ಆವರಣದಲ್ಲಿ ಗಾಲಿಬಂಡಿಗಳ ಜಾರುಗುಡ್ಡವನ್ನೇ ಕಟ್ಟಿಸಿಕೊಂಡಿದ್ದಳು. ಆಟ 1817ರಲ್ಲಿ ಪ್ಯಾರಿಸಿಗೆ ಬಂತು. ಬಂಡಿಯ ಗಾಲಿ ಹಳಿ ಬಿಟ್ಟು ಜಿಗಿಯದಂತೆ ತಡೆಯುವ ಉಪಾಯವೂ ಅಲ್ಲೇ ಹುಟ್ಟಿತು. 1840ರ ದಶಕದಲ್ಲಿ ಫ್ರಾನ್ಸಿನ ಫ್ರಾಸ್ಕಾತಿ ಉದ್ಯಾನದಲ್ಲಿ ಯಾರೋ ಎದೆಗಾರರು ಹಳಿಯನ್ನೇ ಗುಂಡಗೆ ಬಗ್ಗಿಸಿ ನಿಲ್ಲಿಸಿದರು. ಕುಣಿಕೆಯ ಅಡ್ಡಳತೆ ಸುಮಾರು 13 ಅಡಿ, ಬಂಡಿಯಲ್ಲಿ ಒಬ್ಬನೇ ಸವಾರ. ಮನುಷ್ಯರನ್ನು ಕೂರಿಸುವ ಮೊದಲು ಮರಳಿನ ಮೂಟೆ, ಮೊಟ್ಟೆ, ನೀರು ತುಂಬಿದ ಲೋಟ, ಕೊನೆಗೆ ಒಂದು ಕೋತಿಯನ್ನೂ ಕಳಿಸಿ ನೋಡಿದರೆಂಬ ಕತೆ ಆಮೇಲೆ ಊರೂರು ಸುತ್ತಿತು. ಕೋತಿಯ ಕತ್ತು ಏನಾಯಿತೆಂಬುದನ್ನು ಕತೆ ಹೇಳುವುದಿಲ್ಲ.

ಕೋನಿ ಐಲೆಂಡಿಗೆ ಈ ಆಟವನ್ನು ಮೊದಲು ತಂದವನದು ತೀರ ಸಾಧು ಸ್ವಭಾವ. ಲಮಾರ್ಕಸ್ ಥಾಂಪ್ಸನ್ ಕಾಲುಚೀಲದ ಕಾರ್ಖಾನೆಯಲ್ಲಿ ಹಣ ಮಾಡಿದ ದೈವಭಕ್ತ. ದುಡಿಯುವ ಜನ ರಜೆಯ ದಿನ ಹೆಂಡದಂಗಡಿಗೆ ಹೋಗುವ ಬದಲು ಗಾಳಿ ಬೆಳಕಿನಲ್ಲಿ ನಕ್ಕು ನಲಿಯಲಿ ಎಂಬುದು ಅವನ ಆಸೆ. ಪೆನ್ಸಿಲ್ವೇನಿಯಾದ ಮೌಕ್ ಚಂಕ್ ಬೆಟ್ಟದಲ್ಲಿ ಕಲ್ಲಿದ್ದಲು ಇಳಿಸುತ್ತಿದ್ದ ಹಳೆಯ ಹಳಿಯ ಮೇಲೆ ಪ್ರವಾಸಿಗರು ದುಡ್ಡು ಕೊಟ್ಟು ಜಾರುತ್ತಿದ್ದ ಕಾಲ ಅದು. 1884ರಲ್ಲಿ ಥಾಂಪ್ಸನ್ 600 ಅಡಿ ಉದ್ದದ ಏರಿಳಿತದ ಹಳಿ ಹಾಕಿದ. ಬಂಡಿಯ ವೇಗ ಗಂಟೆಗೆ ಆರು ಮೈಲಿ, ಟಿಕೆಟ್ ಐದು ಸೆಂಟ್. ಆ ತುದಿ ತಲುಪಿದ ಮೇಲೆ ಎಲ್ಲರೂ ಇಳಿದು ನಿಲ್ಲಬೇಕು. ಆಳುಗಳು ಬಂಡಿಯನ್ನು ಎತ್ತರಕ್ಕೆ ತಳ್ಳಿ ಇನ್ನೊಂದು ಹಳಿಗೆ ಹಾಕಿದ ಮೇಲೆ ಮತ್ತೆ ಹತ್ತಿ ವಾಪಸಾಗಬೇಕು. ಸೈಕಲ್ಲಿಗಿಂತ ನಿಧಾನವಾದ ಈ ಸವಾರಿಗೆ ಮುಗಿಬಿದ್ದ ಜನಸಂದಣಿ ನೋಡಿ ಥಾಂಪ್ಸನ್ನೇ ಬೆರಗಾಗಿರಬೇಕು. ಹಾಕಿದ ಬಂಡವಾಳ ಕೆಲವೇ ವಾರಗಳಲ್ಲಿ ಕೈ ಸೇರಿತು.

ಜನಕ್ಕೆ ಇದು ರುಚಿಸಿದ ಮೇಲೆ ಪೈಪೋಟಿಗೆ ಕೊನೆಯಿರಲಿಲ್ಲ. ಇನ್ನೂ ಎತ್ತರ, ಇನ್ನೂ ವೇಗ, ಇನ್ನೂ ಇಳಿಜಾರು. ಎಲ್ಲರನ್ನೂ ಒಂದೇ ಏಟಿಗೆ ಹಿಂದಿಕ್ಕಲು ಬೀಚರ್ ಕುಣಿಕೆಗೆ ಕೈ ಹಾಕಿದ್ದು ಆ ಭರದಲ್ಲಿ. ನೀರು ತುಂಬಿದ ತಂಬಿಗೆಗೆ ಹಗ್ಗ ಕಟ್ಟಿ ಗಿರ್ರನೆ ತಿರುಗಿಸಿದರೆ ತಂಬಿಗೆ ತಲೆಯ ಮೇಲೆ ಬಂದಾಗಲೂ ಹನಿ ಚೆಲ್ಲುವುದಿಲ್ಲ. ಬೀಚರ್ ನಂಬಿದ್ದು ಅದನ್ನೇ. ಕುಣಿಕೆ ಗುಂಡಗಿರಬೇಕೆಂಬುದರಲ್ಲಿ ಅವನಿಗೆ ಸಂಶಯವೇ ಬರಲಿಲ್ಲ. ಅಡ್ಡಳತೆ 25 ಅಡಿ, ಕಂಪಾಸಿನಲ್ಲಿ ಎಳೆದಂಥ ವೃತ್ತ. ಅದರ ಬುಡದಲ್ಲಿ ಸವಾರರ ತೂಕ 12 ಪಟ್ಟು ಏರುತ್ತಿತ್ತೆಂದು ಆಮೇಲಿನವರು ಲೆಕ್ಕ ಹಾಕಿದ್ದಾರೆ. ಹಾಗೆಂದರೆ ಐದು ಕಿಲೋ ತೂಗುವ ತಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರವತ್ತು ಕಿಲೋ ಆಗಿ ಕತ್ತಿನ ಮೇಲೆ ಕೂರುತ್ತಿತ್ತು. ಮಳೆ ಹಿಡಿದು ಕೂತ 1902ರ ಬೇಸಿಗೆಯಲ್ಲಿ ಬಾಯ್ಟನ್‌ನ ಪಾರ್ಕು ನೆಲ ಕಚ್ಚಿತು. ಫ್ಲಿಪ್ ಫ್ಲ್ಯಾಪ್ ಅದರ ಜೊತೆಗೇ ಹೋಯಿತು.

ಅಷ್ಟರಲ್ಲಿ ಎಡ್ವಿನ್ ಪ್ರೆಸ್ಕಾಟ್ ಎಂಬ ಇನ್ನೊಬ್ಬ ಹಟಮಾರಿ ಅದೇ ತೀರದಲ್ಲಿ ಕಾಲೂರಿದ್ದ. ಬೀಚರ್‌ನ ಸವಾರರ ನರಳಾಟದಿಂದ ಅವನು ಪಾಠ ಕಲಿತಿದ್ದ. 1901ರಲ್ಲಿ ತೆರೆದ ಅವನ ಲೂಪ್ ದ ಲೂಪ್‌ನಲ್ಲಿ ಮರದ ಬದಲು ಉಕ್ಕು ಬಂತು, ವೃತ್ತದ ಬದಲು ಮೊಟ್ಟೆಯಾಕಾರ ಬಂತು. ಕತ್ತಿನ ಮೇಲಿನ ಏಟು ನಿಜಕ್ಕೂ ಕಡಿಮೆಯಾಯಿತು. ಸರಿಯಾದ ಉತ್ತರಕ್ಕೆ ಅಷ್ಟು ಹತ್ತಿರ ಬಂದವರು ಮುಂದಿನ ಎಪ್ಪತ್ತೈದು ವರ್ಷ ಬೇರೆ ಯಾರೂ ಇಲ್ಲ. ಸೋಲು ಮಾತ್ರ ಅವನಿಗೂ ತಪ್ಪಲಿಲ್ಲ, ಅದು ಬಂದದ್ದು ಗಲ್ಲಾಪೆಟ್ಟಿಗೆಯ ಕಡೆಯಿಂದ. ಬಂಡಿಯಲ್ಲಿ ನಾಲ್ವರಿಗೇ ಜಾಗ; ಒಂದು ಬಂಡಿ ಸುತ್ತು ಮುಗಿಸಿ ಬರುವ ತನಕ ಇನ್ನೊಂದನ್ನು ಬಿಡುವಂತಿಲ್ಲ. ಬಾಗಿಲ ಹೊರಗೆ ಜನಜಾತ್ರೆ, ಒಳಗೆ ಹತ್ತುವವರು ಬೆರಳೆಣಿಕೆ. ನೆರೆದವರಲ್ಲಿ ಹೆಚ್ಚಿನವರಿಗೆ ಹತ್ತುವ ಮನಸ್ಸೂ ಇರಲಿಲ್ಲ. ಬೇರೆಯವರು ತಲೆಕೆಳಗಾಗುವುದನ್ನು ನೋಡಲು ಅವರು ಬಂದಿದ್ದರು. ಪ್ರೆಸ್ಕಾಟ್ ಕೊನೆಗೆ ನೋಡುವುದಕ್ಕೂ ಟಿಕೆಟ್ ಇಟ್ಟ. ಅದೂ ಸಾಲಲಿಲ್ಲ. 1910ರಲ್ಲಿ ಕುಣಿಕೆಯನ್ನು ಬಿಚ್ಚಿಹಾಕಿದರು.

ಆಮೇಲೆ ಬಂದದ್ದು ದೀರ್ಘ ಮೌನ. ರೋಲರ್ ಕೋಸ್ಟರುಗಳು ಬೆಳೆಯಲಿಲ್ಲವೆಂದಲ್ಲ. ಜಾನ್ ಮಿಲ್ಲರ್ ಎಂಬ ಅಮೆರಿಕನ್ ಎಂಜಿನಿಯರ್ ಹಳಿಯ ಅಡಿಯಲ್ಲೂ ಒಂದು ಜೊತೆ ಗಾಲಿ ಕೂರಿಸಿ, ಬಂಡಿ ಎಂಥ ಇಳಿಜಾರಿನಲ್ಲೂ ಹಳಿ ಬಿಟ್ಟು ಮೇಲೇಳದಂತೆ ಮಾಡಿದ. 1919ರ ಆ ಪೇಟೆಂಟಿನ ಬಲದಿಂದ 1920ರ ದಶಕದ ಮರದ ಕೋಸ್ಟರುಗಳು ಎದೆ ಝಲ್ಲೆನ್ನುವಷ್ಟು ಕಡಿದಾದವು. ಪ್ರೆಸ್ಕಾಟ್‌ನ ಕುಣಿಕೆ ನಿಂತಿದ್ದ ಜಾಗಕ್ಕೆ ಕೊನೆಗೆ 1927ರಲ್ಲಿ ಬಂದದ್ದು ಕೋನಿ ಐಲೆಂಡಿನ ಸೈಕ್ಲೋನ್; ಇಂದಿಗೂ ಓಡುತ್ತಿದೆ. ಆದರೆ ಯಾರೂ ಜನರನ್ನು ತಲೆಕೆಳಗು ಮಾಡುವ ಗೋಜಿಗೆ ಹೋಗಲಿಲ್ಲ. ಕುಣಿಕೆ ಎಂದರೆ ಮುರಿದ ಕತ್ತು ಮತ್ತು ಮುಳುಗಿದ ಬಂಡವಾಳ ಎಂಬುದು ಆ ಧಂದೆಯವರ ಬಾಯಲ್ಲಿ ನಿಂತುಹೋಗಿತ್ತು. ಮಹಾ ಆರ್ಥಿಕ ಕುಸಿತ ಬಂತು, ಯುದ್ಧ ಬಂತು, ಮರದ ಕೋಸ್ಟರುಗಳೇ ಒಂದೊಂದಾಗಿ ಸೌದೆಯಾದವು.

ಮೌನ ಒಡೆದದ್ದು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಯಂತ್ರಶಾಲೆಯಲ್ಲಿ. ಕಾರ್ಲ್ ಬೇಕನ್, ಎಡ್ ಮಾರ್ಗನ್ ಮತ್ತವರ ಗೆಳೆಯರು ಮೌಂಟನ್ ವ್ಯೂನಲ್ಲಿ ಆರೋ ಡೆವಲಪ್‌ಮೆಂಟ್ ಎಂಬ ಕಂಪನಿ ನಡೆಸುತ್ತಿದ್ದರು. ವಾಲ್ಟ್ ಡಿಸ್ನಿಗೆ ತನ್ನ ಪಾರ್ಕಿನಲ್ಲಿ ಮ್ಯಾಟರ್‌ಹಾರ್ನ್ ಶಿಖರ ಬೇಕಾಗಿತ್ತು, ಅದರ ಹೊಟ್ಟೆಯೊಳಗೆ ಸುಯ್ಯನೆ ಹರಿಯುವ ಬಂಡಿಗಳು ಬೇಕಾಗಿದ್ದವು. ಅಷ್ಟು ಇಕ್ಕಟ್ಟಿನಲ್ಲಿ ಮರದ ಹಳಿ ಬಗ್ಗುವಂತಿರಲಿಲ್ಲ. ಆರೋದವರು ಉಕ್ಕಿನ ಕೊಳವೆಯನ್ನೇ ಹಳಿಯಾಗಿಸಿದರು. ಕೊಳವೆಯನ್ನು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ, ಬೇಕಾದರೆ ತಿರುಚಿಯೂ ಬಗ್ಗಿಸಬಹುದು. 1959ರಲ್ಲಿ ಮ್ಯಾಟರ್‌ಹಾರ್ನ್ ತೆರೆಯಿತು. ಆಗ ಯಾರೂ ಅದರಲ್ಲಿ ಕುಣಿಕೆಯನ್ನು ಕಾಣಲಿಲ್ಲ, ಆದರೆ ಕುಣಿಕೆಗೆ ಬೇಕಾದ ಸಾಮಾನು ತಯಾರಾಗಿತ್ತು.

ಬೇಕನ್ ತಲೆಯಲ್ಲಿ ಅದು ಕೊರೆಯುತ್ತಲೇ ಇತ್ತು. ಹಳೆಯ ಕುಣಿಕೆಯನ್ನು ನೇರವಾಗಿ ಕೆಣಕುವ ಬದಲು ಅವನು ಸುತ್ತುಬಳಸಿ ಹೋದ. ಬಾಟಲಿಯ ಬಿರಡೆ ತೆಗೆಯುವ ತಿರುಪಿನ ಹಾಗೆ ಹಳಿಯನ್ನು ಎಳೆದು ತಿರುಚಿದರೆ ಬಂಡಿ ಮುಂದಕ್ಕೆ ಸಾಗುತ್ತಲೇ ಪಕ್ಕಕ್ಕೆ ಹೊರಳಿ ತಲೆಕೆಳಗಾಗುತ್ತದೆ, ಏಟು ಅಷ್ಟು ಜೋರಾಗಿ ಬೀಳುವುದಿಲ್ಲ. 1975ರಲ್ಲಿ ನಾಟ್ಸ್ ಬೆರಿ ಫಾರ್ಮ್‌ನಲ್ಲಿ ಕಾರ್ಕ್‌ಸ್ಕ್ರೂ ತೆರೆದಾಗ ಜನ ಅರವತ್ತೈದು ವರ್ಷಗಳ ನಂತರ ಮತ್ತೆ ತಲೆಕೆಳಗಾದರು, ಎದ್ದು ನೆಟ್ಟಗೆ ನಡೆದು ಹೋದರು. ಆ ಕಾಲಕ್ಕೆ ಆರೋದಲ್ಲಿ ಹಳಿಗಳನ್ನು ರೂಪಿಸುತ್ತಿದ್ದ ರಾನ್ ಟೂಮರ್‌ಗೆ ಇಂಥ ಬಂಡಿಯಲ್ಲಿ ಕೂತರೆ ಹೊಟ್ಟೆ ತೊಳಸುತ್ತಿತ್ತು. ತಾನು ರೂಪಿಸಿದ್ದನ್ನು ಹತ್ತುವುದು ಅವನಿಗೆ ಬೇಡವಾಗಿತ್ತು. ಊರಿಗೆಲ್ಲ ತಲೆಸುತ್ತು ಹಂಚಿದವನು ತಾನು ಮಾತ್ರ ನೆಲದ ಮೇಲೆ ನಿಂತು ನೋಡಿದ.

ತಿರುಪು ಸರಿ, ಆದರೆ ಅದು ಕುಣಿಕೆಯಲ್ಲ. ನೆಟ್ಟಗೆ ಮೇಲೆದ್ದು, ಬೆನ್ನ ಹಿಂದಕ್ಕೆ ಬಾಗಿ, ಹೊರಟ ಜಾಗಕ್ಕೇ ಇಳಿಯುವ ಆ ಹಳೆಯ ಕುಣಿಕೆಯ ಗಂಟು ಬಿಚ್ಚದೆ ಹಾಗೇ ಉಳಿದಿತ್ತು.

ಅದನ್ನು ಬಿಚ್ಚುತ್ತಿದ್ದವರು ಜರ್ಮನಿಯ ಬವೇರಿಯಾದಲ್ಲಿದ್ದರು. ಆಂಟನ್ ಶ್ವಾರ್ಟ್ಸ್‌ಕೋಫ್ ಗಾಡಿ ಕಟ್ಟುವವರ ಮನೆಯಲ್ಲಿ ಹುಟ್ಟಿದವನು. ಊರೂರು ತಿರುಗುವ ಜಾತ್ರೆಯ ಆಟದವರಿಗೆ ವಾಸದ ಗಾಡಿಗಳನ್ನು ಕಟ್ಟಿಕೊಡುತ್ತ, ಅವರ ಆಟದ ಯಂತ್ರಗಳನ್ನು ರಿಪೇರಿ ಮಾಡುತ್ತ, ಕೊನೆಗೆ ತಾನೇ ಯಂತ್ರಗಳನ್ನು ಕಟ್ಟತೊಡಗಿದ. 1957ರಲ್ಲಿ ತನ್ನ ಮೊದಲ ಉಕ್ಕಿನ ಕೋಸ್ಟರ್ ಕಟ್ಟಿದ. ಕಣ್ಣಳತೆ, ಕೈಯಳತೆಯ ಮನುಷ್ಯ. ಕಬ್ಬಿಣ ಅವನ ಮಾತು ಕೇಳುತ್ತಿತ್ತು. ಆದರೆ ಬಂಡಿಗಳ ವೇಗ ಏರಿದಂತೆ ಕಣ್ಣಳತೆ ಸೋಲತೊಡಗಿತು. 1963ರ ಹೊತ್ತಿಗೆ ಅವನಿಗೆ ಮ್ಯೂನಿಕ್ಕಿನಲ್ಲಿ ಓದಿದ ವೆರ್ನರ್ ಸ್ಟೆಂಗೆಲ್ ಎಂಬ ತರುಣ ಎಂಜಿನಿಯರನ ಪರಿಚಯವಾಯಿತು. ಎರಡು ವರ್ಷಗಳಲ್ಲಿ ಸ್ಟೆಂಗೆಲ್ ತನ್ನದೇ ಕಚೇರಿ ತೆರೆದ. ಒಬ್ಬ ಬಗ್ಗಿಸುವವನು, ಇನ್ನೊಬ್ಬ ಲೆಕ್ಕ ಹಾಕುವವನು. ಕೋಸ್ಟರುಗಳ ಇತಿಹಾಸದಲ್ಲಿ ಇಂಥ ಜೋಡಿ ಮತ್ತೊಂದಿಲ್ಲ ಎಂದರೆ ಉತ್ಪ್ರೇಕ್ಷೆಯಾಗದು.

ಸ್ಟೆಂಗೆಲ್ ನೋಡುತ್ತಿದ್ದದ್ದು ಬಂಡಿಯನ್ನಲ್ಲ, ಬಂಡಿಯಲ್ಲಿ ಕೂತ ಮೈಯನ್ನು. ಹಳಿಯ ಪ್ರತಿ ಬಿಂದುವಿನಲ್ಲೂ ಆ ಮೈ ಎಷ್ಟು ತೂಗುತ್ತದೆ, ತೂಕ ಎಷ್ಟು ಬೇಗ ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದು ಅವನ ಪ್ರಶ್ನೆ. ಹಾಗೆ ನೋಡಿದಾಗ ವೃತ್ತದ ಮೋಸ ಬಯಲಾಗುತ್ತದೆ. ಗುಂಡು ಕುಣಿಕೆಯ ನೆತ್ತಿಯಲ್ಲಿ ಬಂಡಿ ಹಳಿಗೆ ಅಂಟಿಕೊಂಡಿರಬೇಕಾದರೆ ಒಂದಿಷ್ಟು ವೇಗ ಉಳಿದಿರಲೇಬೇಕು. ಅಷ್ಟು ವೇಗ ನೆತ್ತಿಯಲ್ಲಿ ಉಳಿಯಬೇಕಾದರೆ ಬುಡದಲ್ಲಿ ಎಷ್ಟಿರಬೇಕೆಂದು ಲೆಕ್ಕ ಹಾಕಿದರೆ, ಅಲ್ಲಿ ಸವಾರನ ತೂಕ ಕಡಿಮೆಯೆಂದರೂ ಆರು ಪಟ್ಟಾಗುತ್ತದೆ. ಕುಣಿಕೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿದರೂ ಆ ಆರು ಆರೇ. ಗಾಲಿಯ ತಿಕ್ಕಾಟಕ್ಕೆಂದು, ಧೈರ್ಯಕ್ಕೆಂದು ಇನ್ನಷ್ಟು ವೇಗ ಸೇರಿಸಿದರೆ ಏಳು, ಎಂಟು, ಹತ್ತು. ಈ ಲೆಕ್ಕಕ್ಕೆ ಬೇಕಾದ ಸೂತ್ರವನ್ನು ಡಚ್ ವಿಜ್ಞಾನಿ ಹೈಗನ್ಸ್ 17ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಬೀಚರ್ ಒಂದು ಸಂಜೆ ಕಾಗದ ಪೆನ್ಸಿಲ್ ಹಿಡಿದು ಕೂತಿದ್ದರೆ ಸಾಕಿತ್ತು.

ಇನ್ನೊಂದು ಕೇಡು ಬುಡದ ಸಂದಿಯಲ್ಲಿತ್ತು. ನೇರ ಹಳಿ ಮುಗಿದು ವೃತ್ತ ಶುರುವಾಗುವ ಆ ಒಂದೇ ಬಿಂದುವಿನಲ್ಲಿ ಇಡೀ ತೂಕ ಒಮ್ಮೆಲೇ ಎರಗುತ್ತಿತ್ತು. ರೈಲ್ವೆಯವರಿಗೆ ಈ ಏಟು ಬಹಳ ಹಿಂದಿನಿಂದ ಗೊತ್ತಿತ್ತು. ನೇರ ದಾರಿಯಿಂದ ತಿರುವಿಗೆ ಹೊರಳುವಲ್ಲಿ ಬೋಗಿಗಳು ಜಗ್ಗದಿರಲೆಂದು ಅವರು ಮೆಲ್ಲಮೆಲ್ಲಗೆ ಬಿಗಿಯಾಗುತ್ತ ಹೋಗುವ ವಕ್ರರೇಖೆಯನ್ನು ನಡುವೆ ಹೆಣೆಯುತ್ತಿದ್ದರು. ಇಲಿನಾಯ್ ವಿಶ್ವವಿದ್ಯಾಲಯದ ಆರ್ಥರ್ ಟಾಲ್ಬಟ್ ಅದರ ಲೆಕ್ಕವನ್ನು ಎಂಜಿನಿಯರುಗಳಿಗಾಗಿ ಬರೆದು ಪ್ರಕಟಿಸಿದ್ದು 1890ರ ದಶಕದಲ್ಲಿ. ಫ್ಲಿಪ್ ಫ್ಲ್ಯಾಪ್ ಕೋನಿ ಐಲೆಂಡಿನಲ್ಲಿ ಕತ್ತು ಉಳುಕಿಸುತ್ತಿದ್ದದ್ದೂ ಅದೇ ದಶಕದಲ್ಲಿ! ಮಲಗಿದ್ದ ಆ ವಕ್ರವನ್ನು ಎತ್ತಿ ನಿಲ್ಲಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಸ್ಟೆಂಗೆಲ್‌ಗೆ.

ಕಾಗದದ ಮೇಲೆ ಹೊಳೆದದ್ದು ಕಬ್ಬಿಣಕ್ಕೆ ಇಳಿಯುವುದು ಬೇರೆ ಮಾತು. ವೃತ್ತವಾದರೆ ಕೊಳವೆ ಬಗ್ಗಿಸುವ ಯಂತ್ರವನ್ನು ಒಂದು ಅಳತೆಗೆ ಕೂರಿಸಿ ಬಿಟ್ಟರೆ ಮುಗಿಯಿತು. ಈ ಹೊಸ ಕುಣಿಕೆಯಲ್ಲಿ ಗೇಣು ಗೇಣಿಗೂ ಬಾಗು ಬೇರೆ. ಎರಡು ಹಳಿಗಳೂ ಒಂದೇ ಲೆಕ್ಕದಲ್ಲಿ ಬಾಗಬೇಕು. ಎಲ್ಲಾದರೂ ಬೆರಳಗಲ ತಪ್ಪಿದರೆ ಬಂಡಿ ಅಲ್ಲಿ ಒದೆಯುತ್ತದೆ. ಅಲ್ಲಿಯೇ ಶ್ವಾರ್ಟ್ಸ್‌ಕೋಫ್‌ನ ಕೈ ಕೆಲಸಕ್ಕೆ ಬಂತು.

ಗಿರಾಕಿ ಸಿಕ್ಕಿದ್ದು ಮತ್ತೆ ಅಮೆರಿಕದಲ್ಲಿ. ಲಾಸ್ ಏಂಜಲಿಸ್‌ನ ಉತ್ತರಕ್ಕೆ ವಲೆನ್ಸಿಯಾದ ಗುಡ್ಡದ ಮೇಲಿದ್ದ ಮ್ಯಾಜಿಕ್ ಮೌಂಟನ್ ಪಾರ್ಕಿಗೆ ಆಗ ಐದು ವರ್ಷ ತುಂಬುವುದರಲ್ಲಿತ್ತು. 1976 ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷ. ಕೋಸ್ಟರಿಗೆ ಗ್ರೇಟ್ ಅಮೆರಿಕನ್ ರೆವಲ್ಯೂಶನ್ ಎಂದು ನಾಮಕರಣವಾಯಿತು. ಕೆಲಸ ಅವಸರದ್ದು, ಏಕೆಂದರೆ ಎದುರಾಳಿ ಕೈಕಟ್ಟಿ ಕೂತಿರಲಿಲ್ಲ. ಓಹಾಯೊದ ಸೀಡರ್ ಪಾಯಿಂಟಿನಲ್ಲಿ ಆರೋ ಕಂಪನಿಯೂ ತನ್ನ ತಿರುಪಿಗೆ ನೆಟ್ಟನೆಯ ಕುಣಿಕೆಯನ್ನು ಸೇರಿಸಿ ಕಟ್ಟುತ್ತಿತ್ತು. ಮೇ 8ರಂದು ರೆವಲ್ಯೂಶನ್ ಬಾಗಿಲು ತೆರೆಯಿತು. ಸೀಡರ್ ಪಾಯಿಂಟಿನದು ತೆರೆದದ್ದು ಅದಕ್ಕೆ ಒಂದೇ ವಾರದ ಆಮೇಲೆ. ಎಂಬತ್ತು ವರ್ಷ ಕಾದ ಓಟ ಏಳು ದಿನಗಳ ಅಂತರದಲ್ಲಿ ತೀರ್ಮಾನವಾಯಿತು.

ಮರಗಳ ನಡುವೆ ಸುಳಿದು ಬಂದ ಬಂಡಿ 90 ಅಡಿ ಎತ್ತರದ ಬಿಳಿಯ ಕುಣಿಕೆಯೊಳಗೆ ನುಗ್ಗಿ, ತಲೆಕೆಳಗಾಗಿ, ಹೊರಬಂತು. ಇಳಿದವರ ಕೈ ಕತ್ತಿನ ಮೇಲಿರಲಿಲ್ಲ. ಅವರು ಮತ್ತೆ ಸಾಲಿನಲ್ಲಿ ನಿಂತರು.

ನಡೆದದ್ದು ಇಷ್ಟೇ. ಬಂಡಿ ಬುಡದಲ್ಲಿ ವೇಗವಾಗಿರುತ್ತದೆ, ಆದ್ದರಿಂದ ಅಲ್ಲಿ ಬಾಗು ಅಗಲವಾಗಿರಬೇಕು. ನೆತ್ತಿಯಲ್ಲಿ ನಿಧಾನವಾಗಿರುತ್ತದೆ, ಅಲ್ಲಿ ಬಾಗು ಬಿಗಿಯಾಗಿರಬೇಕು. ಎಣಿಸಿದಂತೆ ಸ್ವಲ್ಪಸ್ವಲ್ಪವೇ ಬಿಗಿಯಾಗುತ್ತ ಏರುವ ಕ್ಲೋತಾಯ್ಡ್ ಎಂಬ ರೇಖೆಯನ್ನು ಎರಡು ಬದಿಗೂ ಎದುರುಬದುರಾಗಿ ನಿಲ್ಲಿಸಿದರೆ ಮೇಲೆ ಚೂಪು, ಕೆಳಗೆ ಅಗಲವಾದ ಕಣ್ಣೀರ ಹನಿಯ ಆಕಾರ ಬರುತ್ತದೆ. ತೂಕ ಒಮ್ಮೆಲೇ ಎರಗದೆ ಮೆಲ್ಲಗೆ ಏರಿ, ಅತಿ ಹೆಚ್ಚೆಂದರೆ ಐದು ಪಟ್ಟಿನ ಹತ್ತಿರ ಹೋಗಿ ಇಳಿಯುತ್ತದೆ. ಬಿಡದಿಯ ವಂಡರ್‌ಲಾದ ರಿಕಾಯ್ಲ್ ಸೇರಿದಂತೆ ಇಂದಿನ ಕೋಸ್ಟರುಗಳ ಕುಣಿಕೆಗಳು ಬಹುಮಟ್ಟಿಗೆ ಗುಂಡಗಿಲ್ಲದಿರುವುದು ಇದಕ್ಕೇ. ಕುಣಿಕೆಯುದ್ದಕ್ಕೂ ಸವಾರ ಸೀಟಿಗೇ ಒತ್ತಿಕೊಂಡಿರುವುದರಿಂದ ರೆವಲ್ಯೂಶನ್‌ಗೆ ಭುಜದ ಪಟ್ಟಿಯೇ ಬೇಕಿರಲಿಲ್ಲ. ತೊಡೆಯ ಮೇಲೊಂದು ಸರಳು ಸಾಕೆಂದು ಶ್ವಾರ್ಟ್ಸ್‌ಕೋಫ್ ಬಿಟ್ಟಿದ್ದ. 1992ರಲ್ಲಿ ಪಾರ್ಕಿನವರಿಗೆ ಅದು ಸಾಲದೆನಿಸಿ ಭುಜಕ್ಕೂ ಪಟ್ಟಿ ತೊಡಿಸಿದರು. ಪ್ರತಿ ತಿರುವಿನಲ್ಲೂ ಜನರ ತಲೆ ಆ ಪಟ್ಟಿಗೆ ಬಡಿದು ದೂರುಗಳು ಬಂದವು. 2016ರಲ್ಲಿ ಅದನ್ನು ಕಿತ್ತು ಹಾಕಿ ಮತ್ತೆ ತೊಡೆಯ ಸರಳಿಗೇ ಮರಳಿದರು.